ಸಾರ್ ಹಾಡಬೇಡಿ ಅಂದಿದ್ದಾರೆ

ನಾನು ಕಾಸ್ಟ್ ಅಕೌಂಟಿಂಗ್ ಮೇಷ್ಟ್ರು. ಮಂಗಳೂರಿನ ಕಾಲೇಜಿನಲ್ಲಿ 26 ವರ್ಷ ಅದನ್ನೇ ಪಾಠ ಮಾಡಿದವನು. ಕಾಲೇಜಿನ ಸಮುದಾಯ ರೇಡಿಯೋ ನಷ್ಟದಲ್ಲಿತ್ತು ನೋಡಿ, 'ಲೆಕ್ಕ ಗೊತ್ತಿರೋರು ಒಬ್ಬರು ಬೇಕು' ಅಂತ ನನ್ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದರು. ಮರುವರ್ಷವೇ ನಮ್ಮ ಚರ್ಚಿನ ಸಂಡೇ ಸ್ಕೂಲ್ ಸಮಿತಿಗೂ ಅಧ್ಯಕ್ಷನಾದೆ. ಅಲ್ಲೂ ಕಾರಣ ಅದೇ, ಹಳೆಯ ಲೆಕ್ಕ ತಾಳೆಯಾಗುತ್ತಿರಲಿಲ್ಲ.

ರೇಡಿಯೋದ ಲೆಕ್ಕ ಕಾಗದದ ಮೇಲೆ ಚೆಂದ. ಆಗ ಗಂಟೆಗೆ 7 ನಿಮಿಷ ಜಾಹೀರಾತು ಹಾಕಬಹುದಿತ್ತು. ಸರ್ಕಾರಿ ದರ 10 ಸೆಕೆಂಡಿಗೆ 52 ರೂಪಾಯಿ. ಅಂದರೆ ಗಂಟೆಗೆ 42 ಸ್ಪಾಟ್, 2,184 ರೂಪಾಯಿ. ಇದನ್ನೇ ಕ್ಲಾಸಿನಲ್ಲಿ ಉದಾಹರಣೆ ಕೊಟ್ಟು ಮಕ್ಕಳಿಂದ ಲೆಕ್ಕ ಮಾಡಿಸಿದ್ದೆ. ನಿಜದಲ್ಲಿ 42 ಸ್ಪಾಟ್ ಯಾರು ಕೊಡ್ತಾರೆ? ಒಂದು ಎಲೆಕ್ಟ್ರಿಕಲ್ ಅಂಗಡಿ, ಒಂದು ಟೈಲರಿಂಗ್ ಕ್ಲಾಸು, ಅಷ್ಟೇ. ಈಗ ಸಮಯ 12 ನಿಮಿಷ, ದರ 74 ರೂಪಾಯಿ ಆಗಿದೆ. ಅಂಗಡಿಗಳು ಮಾತ್ರ ಅವೇ ಎರಡು.

2022ರ ಡಿಸೆಂಬರ್. ಸಮಿತಿಯ ಹಿರಿಯರೊಬ್ಬರು ಮೀಟಿಂಗಿನಲ್ಲಿ ಕೇಳಿಯೇ ಬಿಟ್ಟರು. "ರೇಡಿಯೋ ನಿಮ್ಮ ಕೈಯಲ್ಲೇ ಉಂಟಲ್ಲ ಮಾರಾಯ್ರೆ, ಕ್ರಿಸ್ಮಸ್ಸಿಗೆ ಅರ್ಧ ಗಂಟೆ ನಮಗೆ ಕೊಡಿ. ಮಕ್ಕಳ ಹಾಡು, ಅಯ್ಯನವರ ಸಂದೇಶ."

ನಾನು ಆಗೋದಿಲ್ಲ ಅಂದೆ. ಧರ್ಮದ ಕಾರ್ಯಕ್ರಮವೇ ಬೇಡ ಅಂತ ಸಮುದಾಯ ರೇಡಿಯೋದ ನಿಯಮ ಹೇಳುವುದಿಲ್ಲ. ಜನರ ಧಾರ್ಮಿಕ ಭಾವನೆಯನ್ನು ಬಳಸಿಕೊಳ್ಳಬೇಡಿ, ಬೇರೆಯವರಿಗೆ ನೋವು ಮಾಡಬೇಡಿ, ಎಚ್ಚರ ಇರಲಿ ಅನ್ನುತ್ತದೆ. ಹಾಗಾದ್ರೆ ಎಚ್ಚರ ಎಂದರೆ ಎಷ್ಟು? ಎರಡೂ ಕುರ್ಚಿಯಲ್ಲಿ ನಾನೇ ಕೂತಿದ್ದರಿಂದ ಬೇಕಾದ್ದಕ್ಕಿಂತ ಜಾಸ್ತಿಯೇ ಹೆದರಿದ್ದೆ.

"ನಮ್ಮ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ 1843ರಲ್ಲಿ ಇದೇ ಊರಲ್ಲಿ ಕನ್ನಡದ ಮೊದಲ ಪತ್ರಿಕೆ ತೆಗೆದರು. ನಮಗೆ ಒಂದು ಹಾಡು ಹಾಕ್ಲಿಕ್ಕೆ ಆಗುದಿಲ್ವಾ?" ಅಂದರು ಹಿರಿಯರು.

"ಅವರು ದಾಸರ ಪದಗಳನ್ನೂ ಅಚ್ಚು ಹಾಕಿಸಿದ್ರು ಅಂಕಲ್," ಅಂದೆ. ಅವರಿಗೆ ಹಿಡಿಸಲಿಲ್ಲ. ಕೊನೆಗೆ, ಮಕ್ಕಳು ಬರಲಿ, ಆದರೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳ ಬಗ್ಗೆ ಮಾತಾಡಲಿ ಅಂತಾಯಿತು. ತಿಂಡಿಯಿಂದ ಯಾರಿಗೂ ತೊಂದರೆ ಇಲ್ಲವಲ್ಲ.

ಆ ದಿನ ಆರು ಮಕ್ಕಳು ಸ್ಟುಡಿಯೋಗೆ ಬಂದರು. ಕಾರ್ಯಕ್ರಮ ನೇರ ಪ್ರಸಾರ. ನಾನು ಗಾಜಿನ ಈಚೆ ನಿಂತಿದ್ದೆ. ಒಬ್ಬಳು ಕುಸ್ವಾರಿನ ಕಿಡಿಯೊ ಅನ್ನುವ ಸುರುಳಿ ತಿಂಡಿ ಮಾಡುವುದು ಹೇಗೆ ಅಂತ ಹೇಳಿದಳು. ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಬೇಕಂತೆ, ಗೆರೆ ಮೂಡಬೇಕಂತೆ. ಅವರಜ್ಜಿ ಆ ಬಾಚಣಿಗೆಯನ್ನು ಯಾರೂ ತಲೆಗೆ ಮುಟ್ಟಿಸಬಾರದು ಅಂತ ಬೀರುವಿನಲ್ಲಿ ಇಟ್ಟು ಬೀಗ ಹಾಕ್ತಾರಂತೆ. ಪಕ್ಕದಲ್ಲಿ ಕೂತ ಹುಡುಗ ಜೇಬಿನಿಂದ ಕಿಡಿಯೊ ತೆಗೆದು ಕಟುಂ ಕಟುಂ ತಿನ್ನುತ್ತಿದ್ದ. ಮೈಕಿನಲ್ಲಿ ಪೂರ್ತಿ ಕೇಳಿಸುತ್ತಿತ್ತು.

ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಸುಮ್ನೆ ಅವನನ್ನು ಕೇಳಿದಳು, "ಹಬ್ಬಕ್ಕೆ ಏನೇನು ತಯಾರಿ ಮಾಡಿದ್ದೀಯ?"

"ಹಾಡು ಕಲ್ತಿದ್ದೇವೆ ಅಕ್ಕಾ. ಆದ್ರೆ ಸಾರ್ ಇಲ್ಲಿ ಹಾಡಬೇಡಿ ಅಂದಿದ್ದಾರೆ."

ನೂರು ವ್ಯಾಟಿನ ರೇಡಿಯೋ ನಮ್ಮದು. ಊರಾಚೆ ಹೋದರೆ ಕೇಳುವುದೇ ಇಲ್ಲ. ಆದರೂ ಎರಡು ನಿಮಿಷದಲ್ಲಿ ಫೋನು ಶುರುವಾಯಿತು. "ಯಾರು ಮಾರಾಯ್ತಿ ಆ ಸಾರ್? ಮಕ್ಕಳು ಹಾಡಲಿ ಬಿಡಿ" ಅಂದರು ಒಬ್ಬ ಹೆಂಗಸು. ಇನ್ನೊಬ್ಬರು, ತಾವು ರಿಕ್ಷಾ ಸ್ಟ್ಯಾಂಡಿನಿಂದ ಮಾತಾಡುತ್ತಿರುವುದಾಗಿ ಹೇಳಿ, ಬೇಗ ಹಾಡಿಸಿ, ಬಾಡಿಗೆ ಬಂದ್ರೆ ಹೋಗ್ಬೇಕು ಅಂದರು. ಮೂರನೆಯ ಫೋನು ನನ್ನ ಮೊಬೈಲಿಗೇ ಬಂತು. ಸಮಿತಿಯ ಅದೇ ಹಿರಿಯರು. ಎತ್ತಲಿಲ್ಲ.

ಹುಡುಗಿ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. ಆಗಲಿ ಅಂತ ತಲೆಯಾಡಿಸಿದೆ. ಒಂದು ಚರಣ ಸಾಕು ಅಂತ ಬೆರಳು ತೋರಿಸಿದೆ. ಅವರು ಐದೂ ಚರಣ ಹಾಡಿದರು. ಕಿಡಿಯೊ ಬಾಯಲ್ಲಿದ್ದವನೇ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅರ್ಧ ಸಾಲು ಮುಂದೆ.

ಅಷ್ಟರಲ್ಲಿ ಎಲೆಕ್ಟ್ರಿಕಲ್ ಅಂಗಡಿಯ ಎರಡು ಸ್ಪಾಟ್ ತಪ್ಪಿಹೋಗಿದ್ದವು. ಮರುದಿನ ಬಿಟ್ಟಿಯಾಗಿ ಹಾಕಿಕೊಟ್ಟೆವು. ತಿಂಗಳ ಕೊನೆಗೆ ಲೆಕ್ಕ ಬರೆಯುವ ಹುಡುಗ ಬಂದು ಕೇಳಿದ, "ಸಾರ್, ಈ ಎರಡು ಸ್ಪಾಟನ್ನು ಎಂತ ಅಂತ ಬರೀಲಿ? ನಾರ್ಮಲ್ ಲಾಸಾ, ಅಬ್‌ನಾರ್ಮಲ್ ಲಾಸಾ?"

ಕೆಲಸದಲ್ಲಿ ಆಗಿಯೇ ಆಗುವ ನಷ್ಟ ನಾರ್ಮಲ್, ನಿರೀಕ್ಷಿಸದೆ ಆದದ್ದು ಅಬ್‌ನಾರ್ಮಲ್. ಅವನಿಗೆ ಆ ಪಾಠ ಮಾಡಿದವನೂ ನಾನೇ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ.

"ನಾರ್ಮಲ್ ಅಂತಲೇ ಬರಿ," ಅಂದೆ.