ನಿದ್ದೆಗೆಟ್ಟು ರೇಟ್ ಮಾತಾಡಬೇಡಿ

ಹತ್ತಿ ಸೀಸನ್‌ನಲ್ಲಿ ರೈತರ ಪರವಾಗಿ ರೇಟ್ ಮಾತಾಡುವುದು ನನ್ನ ಕೆಲಸ. ರಾಯಚೂರು ಜಿಲ್ಲೆಯ ರೈತ ಉತ್ಪಾದಕರ ಕಂಪನಿಯೊಂದರಲ್ಲಿ ಮಾರಾಟ ನೋಡಿಕೊಳ್ಳುತ್ತೇನೆ. ದೇವದುರ್ಗ, ಮಾನ್ವಿ, ಸಿರವಾರ ಕಡೆಯಿಂದ ಮಾಲು ಬರುತ್ತದೆ. ತೂಕ, ತೇವ, ಪೇಟೆ ಧಾರಣೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಾರಲು ಬಂದವರು ರಾತ್ರಿ ಮಲಗಿದ್ದರಾ ಅಂತ ಯಾರೂ ಕೇಳುವುದಿಲ್ಲ. ನಾನು ಈಗ ಮೊದಲು ಕೇಳುವುದೇ ಅದನ್ನು.

ಬೆಳಿಗ್ಗೆ 5ಕ್ಕೆ ಎದ್ದು ಹೊಲಕ್ಕೆ ಹೋದವರು ಸಂಜೆ ಟ್ರ್ಯಾಕ್ಟರ್‌ಗೆ ಹತ್ತಿ ತುಂಬಿಸುತ್ತಾರೆ. ರಾತ್ರಿ ಊರು ಬಿಟ್ಟು ಮಾರ್ಕೆಟ್ ಸೇರಿ ಸಾಲಿನಲ್ಲಿ ನಿಲ್ಲುತ್ತಾರೆ. ಮಾಲಿಗೆ ಕಾವಲು ಇರಬೇಕಲ್ವಾ, ಟ್ರೇಲರ್ ಮೇಲೆ ಕೂತೇ ಬೆಳಗು ಮಾಡುತ್ತಾರೆ. ಮರುದಿನ 10ಕ್ಕೆ ಖರೀದಿದಾರರು ಬಂದಾಗ ಇವರು ಎದ್ದು 29 ಗಂಟೆ ಆಗಿರುತ್ತದೆ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ ಪ್ರಕಾರ, 17 ಗಂಟೆ ಎಚ್ಚರ ಇದ್ದವರ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಗೆ ಅದು ಸುಮಾರು ಶೇ 0.10. ನಮ್ಮ ದೇಶದಲ್ಲಿ ಶೇ 0.03 ದಾಟಿದರೆ ಗಾಡಿ ಓಡಿಸುವ ಹಾಗಿಲ್ಲ. ಆದರೆ ವರ್ಷದ ಬೆಳೆ ಮಾರಲು ಅಡ್ಡಿಯಿಲ್ಲ!

ಆ ಹೊತ್ತಿಗೆ ಯಾರ್ಡ್‌ನಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. 25 ಕ್ವಿಂಟಲ್ ತಂದ ಹಿರಿಯರೊಬ್ಬರು ಹಮಾಲಿ 20 ರೂಪಾಯಿ ಜಾಸ್ತಿ ಆಯ್ತು ಅಂತ ದೊಡ್ಡ ಜಗಳ ತೆಗೆದರು. ಮುಖ ಕೆಂಪಾಗಿತ್ತು, ಕೈ ನಡುಗುತ್ತಿತ್ತು. ಅದೇ ಚೀಟಿಯಲ್ಲಿ ಖರೀದಿದಾರ ಕ್ವಿಂಟಲ್‌ಗೆ 2 ಕಿಲೋ ತೂಕ ಕಡಿತ ಬರೆದಿದ್ದ. ಅದನ್ನು ಅವರು ನೋಡಲೇ ಇಲ್ಲ. ಒಟ್ಟು 50 ಕಿಲೋ ಹತ್ತಿ. ಕ್ವಿಂಟಲ್‌ಗೆ 7,500 ಅಂತ ಹಿಡಿದರೂ 3,750 ರೂಪಾಯಿ. ಖರೀದಿದಾರ ಮೆಲ್ಲಗೆ, “ಕಾಕಾ, ಎಷ್ಟೊತ್ತು ನಿಲ್ತೀರಿ? ಮುಗಿಸಿ ಊರಿಗೆ ಹೋಗಿ ಮಲಗ್ರಿ” ಅಂದ. “ಬರಕೋರಿ ಸಾಹುಕಾರ್ರೇ, ಒಟ್ಟು ಮುಗಿಸ್ರಿ” ಅಂದರು ಇವರು. ಪೆನ್ನು ಕಾಗದದ ಮೇಲೆ ಇಡುವ ಮೊದಲು ನಾನು ಚೀಟಿ ಹಿಡಿದುಕೊಂಡೆ.

ನಿದ್ದೆ ಇಲ್ಲದವರು ಎರಡೂ ಕಡೆ ಜಾರುತ್ತಾರೆ. ಒಂದು, ಬೇಗ ಮುಗಿದರೆ ಸಾಕು ಅಂತ ಬಿಟ್ಟುಕೊಡುತ್ತಾರೆ. ಇನ್ನೊಂದು, ಸಣ್ಣ ಮಾತಿಗೂ ಅವಮಾನ ಆಯ್ತು ಅಂತ ವ್ಯವಹಾರವನ್ನೇ ಮುರಿಯುತ್ತಾರೆ. ಎರಡನೆಯದು ಮಿಲ್ಲಿನವರಲ್ಲೂ ಕಾಣುತ್ತದೆ. ಸೀಸನ್‌ನಲ್ಲಿ ಜಿನ್ನಿಂಗ್, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಕೆಲಸ, ಹಗಲು ರಾತ್ರಿ ನಡೆಯುತ್ತದೆ, ಖರೀದಿದಾರರಿಗೂ ಕಣ್ಣು ಮುಚ್ಚಲು ಬಿಡುವಿಲ್ಲ. 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜನರನ್ನು 36 ಗಂಟೆ ಎಚ್ಚರ ಇಟ್ಟು ಹಣ ಹಂಚಿಕೊಳ್ಳುವ ಚೌಕಾಸಿ ಆಡಿಸಿದರು. ನಿದ್ದೆಗೆಟ್ಟವರು ಎದುರಿನವರನ್ನು ಕಡಿಮೆ ನಂಬಿದರು. ಸಮಪಾಲಿಗಿಂತ ಕಡಿಮೆ ಕೊಟ್ಟರೆ, ತಮಗೆ ಏನೂ ಸಿಗದಿದ್ದರೂ ಚಿಂತೆಯಿಲ್ಲ, ಬೇಡ ಅನ್ನುವುದು ಹೆಚ್ಚಾಯಿತು.

ನನಗೆ ಇದಕ್ಕಿಂತ ಭಯ ಹುಟ್ಟಿಸುವ ಸಂಗತಿ ಇನ್ನೊಂದಿದೆ. 2003ರ ಒಂದು ಪ್ರಯೋಗದಲ್ಲಿ ಕೆಲವರಿಗೆ 14 ದಿನ ರಾತ್ರಿ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಲು ಬಿಟ್ಟರು. ಕೊನೆಗೆ ಅವರ ಗಮನ, ಎರಡು ರಾತ್ರಿವರೆಗೆ ಪೂರ್ತಿ ನಿದ್ದೆ ಬಿಟ್ಟವರಷ್ಟು ಕುಸಿದಿತ್ತು. ಆದರೆ ಅವರಿಗೆ ಅನಿಸಿದ್ದು ಸ್ವಲ್ಪ ತೂಕಡಿಕೆ ಅಷ್ಟೇ. ನಮ್ಮ ಕಡೆ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಮೋಟರ್ ಚಾಲೂ ಮಾಡುವವರ ಸ್ಥಿತಿ ವಾರಗಟ್ಟಲೆ ಹೀಗೇ. “ನನಗೇನೂ ಆಗಿಲ್ರಿ” ಅನ್ನುತ್ತಾರೆ. ಆ ಮಾತನ್ನು ನಾನು ನಂಬುವುದಿಲ್ಲ. ಚಹಾದಿಂದ ಒಂದಿಷ್ಟು ಹೊತ್ತು ಕಣ್ಣು ತೆರೆದಿರುತ್ತವೆ, ಹೋದ ನಿದ್ದೆ ವಾಪಸ್ ಬರುವುದಿಲ್ಲ.

ಹಾಗಾಗಿ ನಮ್ಮ ಸದಸ್ಯರಿಗೆ ಇಷ್ಟು ಹೇಳಿದ್ದೇವೆ. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅನ್ನುವ ರೇಟನ್ನು ಹಿಂದಿನ ಸಂಜೆ ಮನೆಯಲ್ಲೇ ಬರೆದು ಜೇಬಿನಲ್ಲಿಡಿ. ರಾತ್ರಿ ಕಾವಲಿಗೆ ನಾಲ್ಕು ಟ್ರ್ಯಾಕ್ಟರ್‌ನವರು ಪಾಳಿ ಹಾಕಿಕೊಳ್ಳಿ. ತಾಡಪತ್ರಿ ಗಟ್ಟಿಯಾಗಿ ಕಟ್ಟಿ, ಇಬ್ಬನಿ ಕುಡಿದ ಹತ್ತಿ ತೇವ ತೋರಿಸುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಶೇ 8 ದಾಟಿದರೆ ಬೆಲೆ ಇಳಿಯುತ್ತದೆ, ಶೇ 12 ದಾಟಿದರೆ ಮಾಲೇ ಬೇಡ ಅನ್ನುತ್ತಾರೆ. ಇನ್ನು, ರಾತ್ರಿ ಮಾಲು ತಂದವರು ಬೆಳಿಗ್ಗೆ ರೇಟ್ ಮಾತಾಡುವುದು ಬೇಡ.

ಈ ಕೊನೆಯದನ್ನು ಒಪ್ಪಿಸುವುದೇ ಕಷ್ಟ ಇತ್ತು, ಗಂಡಸರಿಗೆ ಅದು ಮರ್ಯಾದೆ ಪ್ರಶ್ನೆ. ಸಿರವಾರ ಕಡೆಯ ಒಂದು ಮನೆಯಲ್ಲಿ ಗಂಡ ರಾತ್ರಿ ಮಾಲು ತಂದರು, ಹೆಂಡತಿ ಮನೆಯಲ್ಲಿ ಮಲಗೆದ್ದು ಮೊದಲ ಬಸ್ಸಿಗೆ ಬಂದರು. “ಅಕ್ಕಾ, ಗೌಡ್ರನ್ನ ಕರೀರಿ” ಅಂದ ಖರೀದಿದಾರ. “ಅವರು ಮಲಗ್ಯಾರ್ರಿ. ರೇಟ್ ನನಗ ಹೇಳ್ರಿ” ಅಂದರು ಆಕೆ. ಹತ್ತಿ ಬಿಡಿಸಿದ ಕೈ, ಯಾವ ಚೀಲದಲ್ಲಿ ಎಂಥ ಮಾಲಿದೆ ಅಂತ ಗೊತ್ತು. ಕಡಿತದ ಸಾಲಿಗೆ ಬೆರಳಿಟ್ಟು “ಇದೇನ್ರಿ?” ಅಂತ ಕೇಳಿದರು. ಕಡಿತ ಹೋಯಿತು. ಈಗ ಅದೇ ಊರಿನ ಇನ್ನೂ ಕೆಲವು ಮನೆಯವರು ಹೀಗೇ ಮಾಡುತ್ತಿದ್ದಾರೆ.

ಮಾರ್ಕೆಟ್ ನಡೆಸುವವರಿಗೂ ಒಂದು ಮಾತು. ರೈತರು ಮಲಗಲು ಒಂದು ಹಾಲ್ ಬೀಗ ತೆಗೆದಿಡಿ, ಯಾರ್ಡ್‌ಗೆ ರಾತ್ರಿ ಕಾವಲುಗಾರರನ್ನು ಹಾಕಿ. ಹರಾಜು ಒಂದು ಗಂಟೆ ತಡವಾದರೂ ನಡೆಯುತ್ತದೆ.