ಹನ್ನೆರಡು ಫ್ಲಾಸ್ಕ್‌ಗಳ ಪಾಠ

ಪ್ರಾಣಿಶಾಸ್ತ್ರ ವಿಭಾಗದ ಗೋಡೆಯ ಮೇಲೆ ಅಮೀಬಾದಿಂದ ಮನುಷ್ಯನವರೆಗೆ ಮೇಲೇರುವ ಚಾರ್ಟ್ ಇತ್ತು. ಅದನ್ನೇ ತೋರಿಸಿ, ಜೀವಿಗಳನ್ನು ಹೀಗೆ ಮೇಲಕ್ಕೆ ಒಯ್ಯುವುದು ನಿಸರ್ಗದ ಆಯ್ಕೆಯ ಕೆಲಸವೇ ಎಂದು ಮೇಷ್ಟ್ರು ಕೇಳುತ್ತಿದ್ದರು. ಉತ್ತರಕ್ಕೆ ಅವರು ಎತ್ತಿಕೊಳ್ಳುತ್ತಿದ್ದದ್ದು ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್‌ಸ್ಕಿಯವರ ಪ್ರಯೋಗ. ಇಂದಿಗೂ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

1988ರ ಫೆಬ್ರವರಿಯಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಒಂದೇ ತಳಿಯಿಂದ 12 ಫ್ಲಾಸ್ಕ್‌ಗಳು ಶುರುವಾದವು. ಒಂದೊಂದರಲ್ಲೂ 10 ಮಿ.ಲೀ. ದ್ರಾವಣ, ಗ್ಲೂಕೋಸ್ ಲೀಟರಿಗೆ ಬರೀ 25 ಮಿ.ಗ್ರಾಂ. ದಿನಕ್ಕೊಮ್ಮೆ 0.1 ಮಿ.ಲೀ. ತೆಗೆದು 9.9 ಮಿ.ಲೀ. ಹೊಸ ದ್ರಾವಣಕ್ಕೆ ಹಾಕುವುದು. ಮತ್ತೆ ನೂರು ಪಟ್ಟಾಗಲು ಸುಮಾರು 6.6 ಸಲ ಇಮ್ಮಡಿಯಾಗಬೇಕು. ದಿನಕ್ಕೆ ಅಷ್ಟು ಪೀಳಿಗೆ. ಪ್ರತಿ 500 ಪೀಳಿಗೆಗೊಮ್ಮೆ ಮಾದರಿಗಳು ಮೈನಸ್ 80 ಡಿಗ್ರಿಯ ಫ್ರೀಜರ್ ಸೇರುತ್ತವೆ.

ಯಾರು ಮುಂದೆ ಹೋದರು ಎಂದು ತಿಳಿಯಲು ಪೂರ್ವಜರನ್ನು ಫ್ರೀಜರ್‌ನಿಂದ ಎಬ್ಬಿಸಿ, ವಂಶಜರೊಂದಿಗೆ ಸಮಸಮ ಬೆರೆಸಿ ಒಂದು ದಿನ ಬೆಳೆಸುತ್ತಾರೆ. ಮೊದಲಿಗೊಮ್ಮೆ, ಕೊನೆಗೊಮ್ಮೆ ಅರಾಬಿನೋಸ್ ಎಂಬ ಸಕ್ಕರೆ ಮತ್ತು ಬಣ್ಣ ಸೇರಿಸಿದ ತಟ್ಟೆಯಲ್ಲಿ ಹರಡಿದರೆ ಒಂದು ಕಡೆಯ ಕಾಲೋನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪುಗಳು, ಕೆಂಪು, ಇನ್ನೊಂದು ಕಡೆಯವು ಬಿಳಿ. ಎಣಿಸಿದರಾಯಿತು. ಎಡವುವುದು ಒಂದೇ ಕಡೆ: ಸ್ಪರ್ಧೆಗೆ ಮುಂಚೆ ಎರಡನ್ನೂ ಒಂದು ದಿನ ಅದೇ ದ್ರಾವಣಕ್ಕೆ ಒಗ್ಗಿಸದಿದ್ದರೆ, ಫ್ರೀಜರ್‌ನಿಂದ ಎದ್ದ ಸುಸ್ತೇ ಸೋಲಿನಂತೆ ಕಾಣುತ್ತದೆ. 50,000 ಪೀಳಿಗೆಯ ಹೊತ್ತಿಗೆ ವಂಶಜರು ಪೂರ್ವಜರಿಗಿಂತ ಸುಮಾರು ಶೇ. 70ರಷ್ಟು ವೇಗವಾಗಿ ಬೆಳೆಯುತ್ತಿದ್ದರು.

ಇದು ಪ್ರಗತಿಯೇ? ಆ ಫ್ಲಾಸ್ಕಿನ ಮಟ್ಟಿಗೆ ಖಂಡಿತ ಹೌದು. ಆದರೆ ಮೊದಲ 2,000 ಪೀಳಿಗೆಯೊಳಗೇ 12 ಕುಲಗಳೂ ರೈಬೋಸ್ ಸಕ್ಕರೆಯನ್ನು ಬಳಸುವ ಶಕ್ತಿ ಕಳೆದುಕೊಂಡವು. ಅಲ್ಲಿ ರೈಬೋಸ್ ಇರಲೇ ಇಲ್ಲ; ಆ ಜೀನುಗಳು ಅಳಿಸಿಹೋದದ್ದರಿಂದ ಬೆಳವಣಿಗೆಗೆ ತುಸು ಲಾಭವೇ ಆಯಿತು. ನಿಸರ್ಗದ ಆಯ್ಕೆಗೆ ಕಟ್ಟುವುದೂ ಒಂದೇ, ಕೆಡವುವುದೂ ಒಂದೇ. ಇವತ್ತಿನ ಅನ್ನಕ್ಕೆ ಯಾವುದು ಒದಗುತ್ತದೋ ಅದು ಉಳಿಯುತ್ತದೆ.

ಹಾಗೆಂದು ಹೊಸದು ಹುಟ್ಟುವುದೇ ಇಲ್ಲವೆಂದಲ್ಲ. ದ್ರಾವಣದಲ್ಲಿ ಸಿಟ್ರೇಟ್, ಅಂದರೆ ನಿಂಬೆಯ ಹುಳಿಯ ಲವಣ, ಮೊದಲಿನಿಂದಲೂ ಧಾರಾಳವಾಗಿತ್ತು, ಆದರೆ ಆಮ್ಲಜನಕವಿದ್ದಾಗ ಇ. ಕೊಲೈ ಅದನ್ನು ಒಳಗೆಳೆದುಕೊಳ್ಳಲಾರದು. ಸುಮಾರು 31,500ನೇ ಪೀಳಿಗೆಯಲ್ಲಿ ಒಂದು ಕುಲಕ್ಕೆ ಅದು ಸಾಧ್ಯವಾಯಿತು: ಸಿಟ್ರೇಟ್ ಸಾಗಿಸುವ ಜೀನ್ ಇಮ್ಮಡಿಯಾಗಿ, ಒಂದು ಪ್ರತಿ ಆಮ್ಲಜನಕದಲ್ಲೂ ಚಾಲೂ ಇರುವ ಪ್ರಮೋಟರ್‌ನ (ಜೀನಿಗೆ ಸ್ವಿಚ್ಚಿನಂತಿರುವ ಡಿಎನ್‌ಎ ತುಣುಕಿನ) ಹಿಡಿತಕ್ಕೆ ಬಂದಿತ್ತು. ಫ್ರೀಜರ್‌ನ ಹಳೆಯ ಮಾದರಿಗಳನ್ನು ಎಬ್ಬಿಸಿ ಮತ್ತೆ ಬೆಳೆಸಿದಾಗ, 20,000ನೇ ಪೀಳಿಗೆಯ ನಂತರದವುಗಳಲ್ಲಿ ಮಾತ್ರ ಆ ಗುಣ ಮರುಕಳಿಸಿತು. ಮುಂಚಿನ ಮ್ಯುಟೇಷನ್‌ಗಳು, ಅಂದರೆ ಡಿಎನ್‌ಎಯ ಬದಲಾವಣೆಗಳು, ದಾರಿ ಮಾಡಿಟ್ಟಿದ್ದವು, ಆದರೆ ಅವು ಸಿಟ್ರೇಟನ್ನು ನೆನೆದು ಬಂದವಲ್ಲ. ಉಳಿದ 11 ಕುಲಗಳಿಗೂ ಅದೇ ಆಹಾರ, ಅದೇ ಆಯ್ಕೆ. 2008ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅವುಗಳಲ್ಲಿ ಒಂದಕ್ಕೂ ಸಿಟ್ರೇಟ್ ದಕ್ಕಿರಲಿಲ್ಲ.