ತೇಲೋ ದವಾಖಾನಿ

ರಾಯಚೂರಿನ ಬಿಸಿಲಾಗ ಕುಂತು ಅಮೆರಿಕದ ನೌಕಾಪಡೆಯ ದವಾಖಾನಿ ಹಡಗು 'ಮರ್ಸಿ'ದ ವಿಡಿಯೋ ನೋಡಕತ್ತೀನಿ. ಮೊದಲು ಎಣ್ಣಿ ಸಾಗಿಸೋ ಟ್ಯಾಂಕರ್ ಅಂತ. ಈಗ 1000 ಹಾಸಿಗಿ, 12 ಆಪರೇಷನ್ ಥಿಯೇಟರ್! ಮೈಯೆಲ್ಲಾ ಬಿಳಿ ಬಣ್ಣ, ಮ್ಯಾಲೆ ಕೆಂಪು ಶಿಲುಬೆ. ಯುದ್ಧದಾಗೂ ಇದಕ್ಕ ಗುಂಡು ಹೊಡೆಯೋ ಹಂಗಿಲ್ಲ, ಯುದ್ಧದ ನಿಯಮ ಹೇಳೋ ಜಿನೀವಾ ಒಪ್ಪಂದದಾಗ ಹಂಗ ಅದ. 2004ರ ಸುನಾಮಿ ಆದ್ಮ್ಯಾಲೆ ಇಂಡೋನೇಷ್ಯಾಕ್ಕ ಹೋಗಿತ್ತು. ಆಮ್ಯಾಲಿಂದ ಯುದ್ಧ-ಗಿದ್ಧ ಇಲ್ಲದಾಗಲೂ ಬ್ಯಾರೆ ದೇಶದ ಬಂದರಿಗೆ ಹೋಗಿ ಕಣ್ಣಿನ ಪೊರಿ, ಸೀಳುತುಟಿ ಆಪರೇಷನ್ ಮಾಡಿ ಬರ್ತದ. ಚೀನಾದವ್ರೂ ಸುಮ್ನಿಲ್ಲ, 'ಪೀಸ್ ಆರ್ಕ್' ಅಂತ ಅವರದೂ ಒಂದು ಅದ. ಸ್ನೇಹ ಅಂದ್ರೂ ಪೈಪೋಟಿ ಇದ್ದೇ ಇರ್ತದ ಬಿಡ್ರಿ.

ನಮ್ಮ ದೊಡ್ಡವ್ವನ ಪ್ರಶ್ನೆನೇ ಬ್ಯಾರೆ. ಕ್ಯಾಂಪಿನಾಗ ಪೊರಿ ತೆಗೆಸ್ಕೊಂಡಾಕಿ ಆಕಿ. ಕಣ್ಣ ಮ್ಯಾಲೆ ಹಸಿರು ಬಟ್ಟಿ ಇಳಿಬಿಟ್ಕೊಂಡು ಬಂದು, ವಾರಗಟ್ಲೆ ನನ್ನ ಕೈಲೇ ಹನಿ ಬಿಡಿಸ್ಕೊಂಡಾಳ, ಪ್ರತಿ ಸಲ ಬೈಕೋಂತ. "ಹಡಗ ಹೊಂಟು ಹೋದ್ಮ್ಯಾಲೆ ಕಣ್ಣ ಕೆಂಪಾದ್ರ ಯಾರಿಗಿ ತೋರಿಸ್ಬೇಕೋ ತಮ್ಮಾ?" ಅಂದ್ಳು. ಹುಡುಕಿ ಓದಿದೆ: ಹಡಗಿನವ್ರು ಆ ದೇಶದ ಡಾಕ್ಟರ್‌ಗಳ ಜೋಡಿನೇ ಕೆಲಸ ಮಾಡ್ತಾರಂತ, ತರಬೇತಿನೂ ಕೊಡ್ತಾರಂತ. ಆದ್ರೂ ಆಕಿ ಕೇಳಿದ್ದು ಖರೇನೇ ಅನಸ್ತು.

"ಅಷ್ಟಾದ್ರ ಅಡ್ಡಿಯಿಲ್ಲ, ಆ ಸೀಳುತುಟಿ ಕೂಸಿಂದು ಇನ್ನೊಮ್ಮೆ ತೋರ್ಸು" ಅಂತಾಳ ಈಗ. ನೆಟ್‌ವರ್ಕ್ ಬರವಲ್ದು.